ಆ ಒಣ ಗೆಲ್ಲು ಸ್ವಲ್ಪ ದಿನ ಇರಲಿ

ಉಡುಪಿ
ಮಾರ್ಚ್ 9

ಚಿ. ಪ್ರದೀಪನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮಳೆಗಾಲಕ್ಕೆ ಮುಂಚೆ ಕದ್ರಿ ಮನೆಯ ನುಗ್ಗೆ ಮರದ ಒಣ ಗೆಲ್ಲು ಕಡಿಸುತ್ತೇನೆ ಅಂದೆಯಲ್ಲ, ಆಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಬೆಳಗ್ಗೆಯಿಂದ ಯಾರೋ ಪಾತ್ರೆ ಬಡಿದ ಹಾಗೆ ಟುಕ್ ಟುಕ್ ಕೇಳುತ್ತದೆ ಅಂತಲೂ ಹೇಳಿದೆ. ಅದು ಕಂಚುಗಾರ ಹಕ್ಕಿ ಮಗಾ. ನಮ್ಮ ಕುಟ್ರು ಹಕ್ಕಿಯ ಜಾತಿಯದೇ, ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಮೈ ಹಸಿರು, ಗಂಟಲು ಹಳದಿ, ಹಣೆಗೂ ಎದೆಗೂ ಕುಂಕುಮ ಹಚ್ಚಿದಷ್ಟು ಕೆಂಪು. ಕೂಗುವಾಗ ಕೊಕ್ಕು ತೆರೆಯುವುದೇ ಇಲ್ಲ, ಗಂಟಲು ಮಾತ್ರ ಉಬ್ಬಿ ಉಬ್ಬಿ ಇಳಿಯುತ್ತದೆ.

ಒಂದು ವರ್ಷ ನಾನೂ ಹಿತ್ತಲಲ್ಲಿ ಹೀಗೇ ಕಡಿಸಿದ್ದೆ. ಗೆಲ್ಲು ನೆಲಕ್ಕೆ ಬಿದ್ದ ಮೇಲೆ ಒಳಗಿಂದ ಸಣ್ಣ ದನಿ ಕೇಳಿತು. ನಿಂಬೆಹಣ್ಣು ಹೋಗುವಷ್ಟು ತೂತು, ಒಳಗೆ ಪುಕ್ಕ ಬಾರದ ಎರಡು ಮರಿ. ಬುಟ್ಟಿಯಲ್ಲಿ ಹಳೇ ಸೀರೆ ಹಾಸಿ ಮಲಗಿಸಿದೆ, ಬಾಳೆಹಣ್ಣು ಕಿವುಚಿ ಕೊಟ್ಟೆ. ಬೆಳಗಾಗುವಾಗ ಎರಡೂ ಇರಲಿಲ್ಲ. ದೊಡ್ಡ ಹಕ್ಕಿ ಕೊಕ್ಕಿನಲ್ಲಿ ಗೋಳಿ ಹಣ್ಣು ಹಿಡಿದು, ಗೆಲ್ಲು ಇದ್ದ ಜಾಗಕ್ಕೇ ಬಂದು ಬಂದು ಹೋಗುತ್ತಿತ್ತು. ಅದನ್ನು ನೋಡುತ್ತಾ ನಿಂತಿದ್ದೆ, ಈಗಲೂ ಮರೆತಿಲ್ಲ.

ಗಟ್ಟಿ ಮರ ಕೊರೆಯುವ ಶಕ್ತಿ ಅದಕ್ಕಿಲ್ಲ. ಮೆತ್ತಗಾದ ಒಣ ಗೆಲ್ಲೇ ಬೇಕು. ತೂತನ್ನು ಗೆಲ್ಲಿನ ಅಡಿಭಾಗಕ್ಕೆ ಕೊರೆಯುತ್ತದೆ, ಹಾಗಾಗಿ ಮೇಲಿನಿಂದ ನೋಡಿದರೆ ಕಾಣುವುದಿಲ್ಲ. ಮರದ ಕೆಳಗೆ ಹುಡಿ ಬಿದ್ದಿದೆಯಾ ನೋಡು. ಸಂಜೆ ಅರ್ಧ ಗಂಟೆ ಸುಮ್ನೆ ಅಂಗಳದಲ್ಲಿ ಕೂತುಕೋ, ಗಂಡು ಹೆಣ್ಣು ಎರಡೂ ಬಂದು ಹೋಗುವುದು ಕಾಣುತ್ತದೆ. ಮೊಟ್ಟೆ ಒಡೆಯಲು ಸುಮಾರು ಎರಡು ವಾರ, ಮರಿ ಹಾರಲು ಇನ್ನೊಂದು ಐದು ವಾರ ಬೇಕು. ಮಳೆಗೆ ಮುಂಚೆ ನಿನಗೆ ಇನ್ನೂ ಸಮಯ ಇದೆ, ಅಲ್ವಾ?

ಕಾರಿನ ಮೇಲೆ ಬೀಳುತ್ತದೆ ಅಂತ ಹೆದರಿಕೆಯಾದರೆ ಕಾರನ್ನು ಗೇಟಿನ ಆಚೆ ನಿಲ್ಲಿಸು. ಮಗು ಆಡುವ ಕಡೆಗೆ ವಾಲಿದ್ದರೆ ಮಾತ್ರ ತುದಿ ತೆಗೆಸು, ತೂತಿರುವ ಭಾಗ ಮುಟ್ಟಬೇಡ. ಮರಿ ಹಾರಿದ ಮೇಲೂ ಮೊಳದಷ್ಟು ಬಿಟ್ಟರೆ ಒಳ್ಳೆಯದು. ಹಳೇ ತೂತಿಗೆ ಮಡಿವಾಳ ಹಕ್ಕಿ ಬಂದರೂ ಬಂದೀತು.

ಕಡಿಯುವವರಿಗೆ ಇವತ್ತೇ ಫೋನ್ ಮಾಡಿ ಬರಬೇಡಿ ಅನ್ನು. ಮರಿ ತಲೆ ಹೊರಗೆ ಹಾಕಿದ ದಿನ ನನಗೂ ತಿಳಿಸು, ಬಸ್ಸು ಹತ್ತಿ ಬರುತ್ತೇನೆ.

ನಿನ್ನ
ದೊಡ್ಡಮ್ಮ