ಕಂದಾಯ ಯಾರ ಪೆಟ್ಟಿಗೆಗೆ? ಬಾಸ್ಟನ್ನಿನಿಂದ ಅಪ್ಪನಿಗೊಂದು ಪತ್ರ

ಬಾಸ್ಟನ್
ಡಿಸೆಂಬರ್ 16

ತೀರ್ಥರೂಪ ಅಪ್ಪನಿಗೆ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ ತಿಳಿಸಿ. ಪುಟ್ಟಿಯ ಪಾಠದಲ್ಲಿ ‘ಇಂಗ್ಲೆಂಡ್ ವಿಪರೀತ ತೆರಿಗೆ ಹೇರಿತು, ಅಮೆರಿಕದವರು ದಂಗೆ ಎದ್ದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ, ಆದರೆ ಟೀ ಬೆಲೆ ಇಳಿದಿತ್ತು ಎನ್ನುತ್ತೀಯಲ್ಲ, ಇಳಿದರೆ ಜಗಳ ಯಾಕೆ ಎಂದು ಕೇಳಿದ್ದಿರಿ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಟೀಯನ್ನು ಸಮುದ್ರಕ್ಕೆ ಸುರಿದದ್ದೂ ಇದೇ ತಾರೀಕು, 1773ರಲ್ಲಿ. ಅದಕ್ಕೇ ಇವತ್ತೇ ಕೂತು ಬರೆಯುತ್ತಿದ್ದೇನೆ.

ಮೊದಲು ಸಾಲದ ಲೆಕ್ಕ. ಫ್ರಾನ್ಸ್ ಜೊತೆಗಿನ ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ನಿನ ಸಾಲ 7 ಕೋಟಿ ಚಿಲ್ಲರೆಯಿಂದ 12 ಕೋಟಿ ಪೌಂಡ್ ದಾಟಿತ್ತು. ಸರ್ಕಾರದ ವರಮಾನದಲ್ಲಿ ಹತ್ತಿರ ಹತ್ತಿರ ಅರ್ಧ ಬಡ್ಡಿಗೇ ಹೋಗುತ್ತಿತ್ತು. ಗೆದ್ದ ನೆಲ ಕಾಯಲು ಅಮೆರಿಕದಲ್ಲಿ ಸುಮಾರು 10,000 ಸಿಪಾಯಿಗಳನ್ನು ಇಡಬೇಕೆಂದು ಲಂಡನ್ ತೀರ್ಮಾನಿಸಿತು. ಆ ಖರ್ಚಿನಲ್ಲಿ ಒಂದು ಪಾಲನ್ನಾದರೂ ವಸಾಹತಿನವರು ಕೊಡಲಿ ಎಂದು ಕೇಳಿತು. ಕೇಳಿದ್ದು ಅನ್ಯಾಯವೆಂದು ನನಗೆ ಅನಿಸುವುದಿಲ್ಲ. ಎಡವಿದ್ದು ಕೇಳಿದ ರೀತಿಯಲ್ಲಿ.

1764ರ ಸಕ್ಕರೆ ಕಾಯ್ದೆಯನ್ನೇ ನೋಡಿ. ಮಂಡ್ಯದ ಕಡೆಯವರಿಗೆ ಕಾಕಂಬಿ ಅಂದರೆ ಬಿಡಿಸಿ ಹೇಳಬೇಕಿಲ್ಲ. ಕೆರಿಬಿಯನ್ ದ್ವೀಪಗಳಲ್ಲಿ ಸಕ್ಕರೆ ತೆಗೆದು ಉಳಿದ ಪಾಕ, ಅಂದರೆ ಕಾಕಂಬಿ, ಇಲ್ಲಿಗೆ ಬಂದು ರಮ್ ಆಗುತ್ತಿತ್ತು. ಪರದೇಶದ ಕಾಕಂಬಿಯ ಮೇಲೆ 1733ರಿಂದಲೂ ಗ್ಯಾಲನ್ನಿಗೆ 6 ಪೆನ್ನಿ ಸುಂಕವಿತ್ತು, ಕಾಗದದ ಮೇಲೆ ಮಾತ್ರ. ಸುಂಕದವರ ಕೈಗೆ ಅದಕ್ಕಿಂತ ತುಂಬ ಕಡಿಮೆ ಲಂಚ ಇಟ್ಟರೆ ಪೀಪಾಯಿ ದಾಟುತ್ತಿತ್ತು. ಹೊಸ ಕಾಯ್ದೆ ಸುಂಕವನ್ನು ಅರ್ಧಕ್ಕೆ, 3 ಪೆನ್ನಿಗೆ, ಇಳಿಸಿತು. ಆದರೆ ಈ ಸಲ ನಿಜವಾಗಿ ವಸೂಲಿ ಮಾಡಲು ಹೊರಟಿತು. ಸಿಕ್ಕಿಬಿದ್ದವರ ವಿಚಾರಣೆಯನ್ನು ಊರಿನ ಜ್ಯೂರಿಯ ಕೈಯಿಂದ ತಪ್ಪಿಸಿ, ಜ್ಯೂರಿಯೇ ಇಲ್ಲದ ನೌಕಾ ನ್ಯಾಯಾಲಯಕ್ಕೆ ಒಯ್ಯಬಹುದು ಎಂದಿತು. ಹೀಗೆ ದರ ಇಳಿದರೂ ಹಿಡಿತ ಬಿಗಿಯಾಯಿತು. ಮುಂದಿನ ಹತ್ತು ವರ್ಷ ನಡೆದದ್ದು ಇದೇ.

1765ರ ಸ್ಟಾಂಪ್ ಕಾಯ್ದೆಯಂತೂ ಹೊಡೆತ ಯಾರಿಗೆ ಬೀಳುತ್ತದೆಂದು ಯೋಚಿಸದೆ ಮಾಡಿದ್ದು. ಕೋರ್ಟಿನ ಕಾಗದ, ಪತ್ರಿಕೆ, ಹೆಂಡದಂಗಡಿಯ ಲೈಸೆನ್ಸ್, ಎಲ್ಲಕ್ಕೂ ಲಂಡನ್ನಿನಿಂದ ಮುದ್ರೆಯೊತ್ತಿ ಬಂದ ಕಾಗದವೇ ಬೇಕು. ಪತ್ರಿಕೆಯ ಒಂದು ಜಾಹೀರಾತಿಗೆ 2 ಶಿಲಿಂಗ್, ಇಸ್ಪೀಟಿನ ಒಂದು ಕಟ್ಟಿಗೆ 1 ಶಿಲಿಂಗ್, ಒಂದು ಜೊತೆ ದಾಳಕ್ಕೆ 10 ಶಿಲಿಂಗ್, ಕಾಲೇಜಿನ ಪದವಿಪತ್ರಕ್ಕೆ 2 ಪೌಂಡ್. ಬ್ರಿಟಿಷ್ ನಾಣ್ಯದ ಲೆಕ್ಕದಲ್ಲೇ ಕೊಡಬೇಕು, ಅದೋ ಇಲ್ಲಿ ಸಿಗುವುದೇ ಅಪರೂಪ. ಪೆಟ್ಟು ತಿಂದವರು ವಕೀಲರು, ಪತ್ರಿಕೆಯವರು, ಹೆಂಡದಂಗಡಿಯವರು. ಒಬ್ಬರಿಗೆ ವಾದ ಗೊತ್ತು, ಇನ್ನೊಬ್ಬರ ಬಳಿ ಅಚ್ಚಿನ ಮೊಳೆ, ಮತ್ತೊಬ್ಬರ ಜಗಲಿಯಲ್ಲಿ ಸಂಜೆ ಊರೇ ಸೇರುತ್ತದೆ. ಬಾಯಿರುವವರನ್ನೆಲ್ಲ ಒಂದೇ ಕಾಯ್ದೆ ಎದುರು ಹಾಕಿಕೊಂಡಿತು.

ಕಾಯ್ದೆಯನ್ನು ಮುರಿದ ಬಗೆಯೂ ಅಷ್ಟೇ ಸರಳ. ಮುದ್ರೆಕಾಗದ ಹಂಚಲು ಒಂದೊಂದು ವಸಾಹತಿಗೆ ಒಬ್ಬೊಬ್ಬ ಅಧಿಕಾರಿ. ಅವನು ರಾಜೀನಾಮೆ ಕೊಟ್ಟರೆ ಕಾಗದ ಹಂಚುವವರಿಲ್ಲ, ಹಂಚದಿದ್ದರೆ ವಸೂಲಿಯೂ ಇಲ್ಲ. ಬಾಸ್ಟನ್ನಿನಲ್ಲಿ ಆಗಸ್ಟ್ 14ರಂದು ಅಲ್ಲಿನ ಹಂಚುವ ಅಧಿಕಾರಿ ಆಂಡ್ರ್ಯೂ ಆಲಿವರನ ಪ್ರತಿಕೃತಿಯನ್ನು ದೊಡ್ಡ ಎಲ್ಮ್ ಮರಕ್ಕೆ ನೇತುಹಾಕಿದರು. ಅವನು ಹುದ್ದೆ ಬಿಡುತ್ತೇನೆಂದ. ಹನ್ನೆರಡು ದಿನ ಕಳೆದು ಉಪ ಗವರ್ನರ್ ಥಾಮಸ್ ಹಚಿನ್ಸನ್‌ನ ಮನೆಯನ್ನು ಜನ ಸೂರೆ ಮಾಡಿದರು. ಅದು ಹೋರಾಟವಲ್ಲ, ಬರೀ ದೊಂಬಿ. ನವೆಂಬರ್ 1ಕ್ಕೆ ಕಾಯ್ದೆ ಜಾರಿಯಾಗುವ ಹೊತ್ತಿಗೆ ಹಂಚುವವರು ಹೆಚ್ಚುಕಡಿಮೆ ಎಲ್ಲ ಕಡೆಯೂ ಕೈಚೆಲ್ಲಿದ್ದರು. ಇಲ್ಲಿನ ವರ್ತಕರು ಆಮದು ನಿಲ್ಲಿಸಿದ್ದರಿಂದ ಇಂಗ್ಲೆಂಡಿನ ವ್ಯಾಪಾರಿಗಳೇ ಪಾರ್ಲಿಮೆಂಟಿಗೆ ದುಂಬಾಲು ಬಿದ್ದರು. 1766ರ ಮಾರ್ಚ್ 18ರಂದು ಕಾಯ್ದೆ ರದ್ದಾಯಿತು. ಅದೇ ದಿನ ಇನ್ನೊಂದು ಕಾಯ್ದೆ ಬಂತು: ವಸಾಹತುಗಳನ್ನು ಎಲ್ಲ ವಿಷಯಗಳಲ್ಲೂ ಕಟ್ಟಿಹಾಕುವ ಶಾಸನ ಮಾಡುವ ಅಧಿಕಾರ ಪಾರ್ಲಿಮೆಂಟಿಗಿದೆ ಎಂದು. ಹಣ ಬಿಟ್ಟರು, ಹಕ್ಕು ಬಿಡಲಿಲ್ಲ. ಇಲ್ಲಿಯವರು ಗಂಟೆ ಬಾರಿಸಿ ಹಬ್ಬ ಮಾಡಿದರು, ಎರಡನೆಯ ಕಾಗದವನ್ನು ಓದಿ ಗಾಬರಿಯಾದವರು ಕಡಿಮೆ.

1767ರ ಟೌನ್‌ಶೆಂಡ್ ಸುಂಕಗಳ ಕಥೆ ಬೇಗ ಮುಗಿಸುತ್ತೇನೆ. ಗಾಜು, ಸೀಸ, ಬಣ್ಣ, ಕಾಗದ, ಟೀ ಇವುಗಳ ಮೇಲೆ ಸುಂಕ, ಮತ್ತೆ ಬಹಿಷ್ಕಾರ, 1768ರಲ್ಲಿ ಬಾಸ್ಟನ್ನಿಗೆ ಸೈನ್ಯ, 1770ರ ಮಾರ್ಚ್ 5ರಂದು ಗೋಲಿಬಾರಿನಲ್ಲಿ ಐವರ ಸಾವು. ಕೊನೆಗೆ ಟೀ ಒಂದನ್ನು ಬಿಟ್ಟು ಉಳಿದ ಸುಂಕಗಳೆಲ್ಲ ರದ್ದು. ಟೀ ಮೇಲೆ ಪೌಂಡ್ ತೂಕಕ್ಕೆ 3 ಪೆನ್ನಿ ಉಳಿಯಿತು. ಆ ದುಡ್ಡು ಹೋಗುತ್ತಿದ್ದದ್ದು ಎಲ್ಲಿಗೆ ಎಂಬುದು ಮುಖ್ಯ, ಅಪ್ಪ. ಅದುವರೆಗೆ ಗವರ್ನರನ ಸಂಬಳವನ್ನು ಊರಿನವರೇ ಆರಿಸಿದ ಸಭೆ ಕೊಡುತ್ತಿತ್ತು. ಅವನ ಜುಟ್ಟು ಸಭೆಯ ಕೈಯಲ್ಲಿತ್ತು. ಈಗ ಗವರ್ನರನಿಗೂ ಮೇಲಿನ ನ್ಯಾಯಾಧೀಶರಿಗೂ ಸಂಬಳ ಈ ಸುಂಕದಿಂದ ಎಂದಾಯಿತು. ಟೀ ಕುಡಿದಷ್ಟೂ ಸಭೆಯ ಕೈಯಿಂದ ಜುಟ್ಟು ಜಾರುತ್ತದೆ.

ನಮ್ಮ ಕಡೆಯ ಎಳೆ ಇಲ್ಲಿ ಸೇರುತ್ತದೆ. ಈಸ್ಟ್ ಇಂಡಿಯಾ ಕಂಪನಿ ಆಗ ಮುಳುಗುವ ಸ್ಥಿತಿಯಲ್ಲಿತ್ತು. 1769ರಲ್ಲಿ ಹೈದರಾಲಿ ಮದರಾಸಿನ ಬಾಗಿಲಿಗೇ ಹೋಗಿ ಒಪ್ಪಂದ ಬರೆಸಿಕೊಂಡದ್ದು ನಿಮಗೆ ಗೊತ್ತು. ಅವನು ಮದರಾಸಿನ ಸುತ್ತಲ ಕರ್ನಾಟಿಕ್ ಸೀಮೆಯಲ್ಲಿ ನುಗ್ಗಿಬಂದ ಸುದ್ದಿ ಆ ವರ್ಷ ಲಂಡನ್ ಮುಟ್ಟಿದಾಗ ಕಂಪನಿಯ ಷೇರು ಕುಸಿಯಿತು. ಮರುವರ್ಷ ಬಂಗಾಳದ ಭೀಕರ ಕ್ಷಾಮ. ಅತ್ತ ಉಗ್ರಾಣದಲ್ಲಿ ಮಾರಾಟವಾಗದ 1 ಕೋಟಿ 70 ಲಕ್ಷ ಪೌಂಡ್ ತೂಕದ ಟೀ. (ಅಸ್ಸಾಮಿನದಲ್ಲ, ಎಲ್ಲವೂ ಚೀನಾದ್ದು. ಅಸ್ಸಾಮಿನಲ್ಲಿ ತೋಟ ಎದ್ದದ್ದು 1830ರ ದಶಕದ ಮೇಲೆ.) ಕಂಪನಿಯನ್ನು ಉಳಿಸಲು ಪಾರ್ಲಿಮೆಂಟ್ 14 ಲಕ್ಷ ಪೌಂಡ್ ಸಾಲ ಕೊಟ್ಟಿತು, 1773ರಲ್ಲಿ ಟೀ ಕಾಯ್ದೆಯನ್ನೂ ತಂದಿತು. ಇಂಗ್ಲೆಂಡಿನ ಸುಂಕ ಮಾಫಿ, ನೇರ ಅಮೆರಿಕಕ್ಕೆ ಸಾಗಣೆ. ಡಚ್ಚರಿಂದ ಕದ್ದು ತರುತ್ತಿದ್ದ ಟೀಗಿಂತಲೂ ಇದು ಅಗ್ಗ. ಆದರೆ ಆ 3 ಪೆನ್ನಿ ಹಾಗೇ ಉಳಿಯಿತು. ಮಾರುವವರೂ ಕಂಪನಿ ಆರಿಸಿದ ಕೆಲವರೇ, ಬಾಸ್ಟನ್ನಿನಲ್ಲಿ ಹಚಿನ್ಸನ್‌ನ ಇಬ್ಬರು ಮಕ್ಕಳೂ ಅವರಲ್ಲಿದ್ದರು. ಹಚಿನ್ಸನ್ ಆಗ ಗವರ್ನರ್.

ಈ ಟೀಯನ್ನು ನ್ಯೂಯಾರ್ಕ್, ಫಿಲಡೆಲ್ಫಿಯಾಗಳಿಂದ ಹಿಂದಕ್ಕೆ ಕಳಿಸಿದರು. ಚಾರ್ಲ್ಸ್‌ಟನ್ನಿನಲ್ಲಿ ಗೋದಾಮಿಗೆ ತುಂಬಿದರು. ಬಾಸ್ಟನ್ನಿನಲ್ಲೇ ಏಕೆ ಕೆಟ್ಟಿತು ಎಂದರೆ ಅದು ಇಕ್ಕಟ್ಟಿನ ಕಥೆ. ‘ಡಾರ್ಟ್‌ಮತ್’ ಹಡಗು ಬಂದದ್ದು ನವೆಂಬರ್ 28ರಂದು. ಇಪ್ಪತ್ತು ದಿನದೊಳಗೆ ಸುಂಕ ಕಟ್ಟದಿದ್ದರೆ ಸುಂಕದವರು ಮಾಲು ಜಪ್ತಿ ಮಾಡಬಹುದು. ಜಪ್ತಿಯಾದರೆ ಟೀ ದಡ ಸೇರುತ್ತದೆ, ಸುಂಕವೂ ಸಂದಾಯವಾಗುತ್ತದೆ. ಹಡಗು ಹಿಂದಕ್ಕೆ ಹೋಗೋಣವೆಂದರೆ ಸುಂಕ ಕಟ್ಟದೆ ರಹದಾರಿ ಇಲ್ಲ, ರಹದಾರಿ ಇಲ್ಲದೆ ಕೋಟೆಯ ಫಿರಂಗಿಗಳನ್ನು ದಾಟುವಂತಿಲ್ಲ. ಗಡುವಿನ ಹಿಂದಿನ ದಿನ, ಡಿಸೆಂಬರ್ 16, ಓಲ್ಡ್ ಸೌತ್ ಸಭಾಗೃಹದಲ್ಲಿ ಸುಮಾರು 5,000 ಜನ. ಹಡಗಿನ ಮಾಲೀಕ ಫ್ರಾನ್ಸಿಸ್ ರಾಚ್ ಕೊನೆಯ ಸಲ ಮಿಲ್ಟನ್ನಿಗೆ ಹೋಗಿ ಗವರ್ನರನನ್ನು ಬೇಡಿದ. ಅವನು ಒಪ್ಪಲಿಲ್ಲ. ಆ ರಾತ್ರಿ ಮೂರು ಹಡಗುಗಳ 340 ಪೆಟ್ಟಿಗೆ, ಸುಮಾರು 42 ಟನ್, ಕೊಡಲಿಯಿಂದ ಒಡೆದು ನೀರಿಗೆ. ಕಂಪನಿಯ ಲೆಕ್ಕದಲ್ಲಿ 9,659 ಪೌಂಡ್ ನಷ್ಟ. ಇಳಿತದ ಹೊತ್ತಾದ್ದರಿಂದ ಟೀ ಹಡಗಿನ ಪಕ್ಕದಲ್ಲೇ ಮೆದೆಯಂತೆ ಗುಡ್ಡೆಬಿತ್ತು.

ಲಂಡನ್ ಕೊಟ್ಟ ಶಿಕ್ಷೆ ಇಡೀ ಊರಿಗೆ. 1774ರ ಜೂನ್ 1ರಿಂದ ಬಂದರು ಬಂದ್. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ವಸಾಹತಿನ ಊರಸಭೆಗಳು ಗವರ್ನರನ ಅಪ್ಪಣೆಯಿಲ್ಲದೆ ಸೇರುವಂತಿಲ್ಲ. ನನ್ನ ಪ್ರಕಾರ ಎಲ್ಲ ತಿರುಗಿದ್ದು ಇಲ್ಲಿ. ಟೀ ಬಾಸ್ಟನ್ನಿನ ತಕರಾರಾಗಿತ್ತು, ಊರಸಭೆ ಪ್ರತಿ ಹಳ್ಳಿಯ ರೈತನದು. ಸೆಪ್ಟೆಂಬರ್ 6ರಂದು ವುಸ್ಟರ್ ಎಂಬ ಊರಿನಲ್ಲಿ 37 ಹಳ್ಳಿಗಳಿಂದ 4,622 ಜನ ಬೀದಿಯ ಎರಡು ಬದಿ ಸಾಲುಗಟ್ಟಿ ನಿಂತರು. ನ್ಯಾಯಾಲಯದ ಅಧಿಕಾರಿಗಳು ಟೋಪಿ ಕೈಯಲ್ಲಿ ಹಿಡಿದು, ಹುದ್ದೆ ಬಿಟ್ಟೆವೆಂದು ಮತ್ತೆ ಮತ್ತೆ ಹೇಳುತ್ತ ಆ ಸಾಲುಗಳ ನಡುವೆ ನಡೆದರು. ಒಂದು ಗುಂಡೂ ಹಾರಲಿಲ್ಲ.

ಅದೇ ತಿಂಗಳು ಫಿಲಡೆಲ್ಫಿಯಾದಲ್ಲಿ 12 ವಸಾಹತುಗಳ ಪ್ರತಿನಿಧಿಗಳು ಕಾಂಗ್ರೆಸ್ ಎಂಬ ಸಭೆ ಸೇರಿ, ಡಿಸೆಂಬರ್ 1ರಿಂದ ಬ್ರಿಟಿಷ್ ಮಾಲು ತರಿಸುವುದಿಲ್ಲ ಎಂದು ಕರಾರು ಮಾಡಿಕೊಂಡರು. ಉಣ್ಣೆಗಾಗಿ ಕುರಿ ಉಳಿಸಿ, ಕುದುರೆ ಜೂಜು, ಕೋಳಿ ಅಂಕ ಬಿಡಿ, ಸಾವಿನ ಮನೆಯಲ್ಲಿ ಕೈಗವಸು ಹಂಚಬೇಡಿ ಎಂಬಷ್ಟು ವಿವರ ಅದರಲ್ಲಿದೆ. ಹಿಂದಿನ ಬಹಿಷ್ಕಾರಗಳು ಸಡಿಲಾದದ್ದು ಒಬ್ಬ ವರ್ತಕ ಕದ್ದು ತರಿಸಿದರೆ ಉಳಿದವರೂ ಜಾರುತ್ತಿದ್ದುದರಿಂದ. ಈ ಸಲ ಪ್ರತಿ ಊರಿನಲ್ಲೂ ಮತದಿಂದ ಆರಿಸಿದ ಸಮಿತಿ, ಮುರಿದವರ ಹೆಸರು ಪತ್ರಿಕೆಯಲ್ಲಿ. ಮಾಲು ತಪಾಸಣೆ ಮಾಡುವ ಸಮಿತಿ ಮೆಲ್ಲಗೆ ಆಡಳಿತವೇ ಆಯಿತು. ಭಿನ್ನವಾಗಿ ಯೋಚಿಸಿದ ಎಷ್ಟೋ ನೆರೆಹೊರೆಯವರ ಬಾಯನ್ನೂ ಅದು ಮುಚ್ಚಿಸಿತು, ಅದನ್ನು ಮರೆಯಬಾರದು.

ಅಕ್ಟೋಬರಿನಲ್ಲಿ ಮ್ಯಾಸಚೂಸೆಟ್ಸ್‌ನ ಊರುಗಳು ತಾವೇ ಆರಿಸಿ ಕಳಿಸಿದ ಪ್ರಾಂತೀಯ ಕಾಂಗ್ರೆಸ್ ಒಂದು ಠರಾವು ಮಾಡಿತು: ಊರುಗಳು ಕಂದಾಯವನ್ನು ರಾಜನ ಖಜಾಂಚಿ ಹ್ಯಾರಿಸನ್ ಗ್ರೇಗೆ ಕಟ್ಟಬಾರದು, ತಾನು ನೇಮಿಸಿದ ಹೆನ್ರಿ ಗಾರ್ಡ್ನರ್‌ಗೆ ಕಟ್ಟಬೇಕು. ಪುಟ್ಟಿಯ ಪುಸ್ತಕದಲ್ಲಿ ಇರಬೇಕಾದ ಸಾಲು ಇದು. ಜನ ಕಂದಾಯವೇ ಬೇಡ ಎನ್ನಲಿಲ್ಲ, ಬೇರೆ ಪೆಟ್ಟಿಗೆಗೆ ಹಾಕಿದರು. ಸರ್ಕಾರ ಬದಲಾದದ್ದು ಆಗಲೇ, ಮೊದಲ ಗುಂಡಿಗೆ ಆರು ತಿಂಗಳು ಮುಂಚೆ.

ಇನ್ನು ಉಳಿದದ್ದು ಮದ್ದುಗುಂಡು. ಅಕ್ಟೋಬರಿನಲ್ಲೇ ರಾಜ ಇಲ್ಲಿಗೆ ಮದ್ದು, ಆಯುಧ ಸಾಗಿಸುವುದನ್ನು ನಿಷೇಧಿಸಿದ್ದ. ಮದ್ದಿನಲ್ಲಿ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದ್ದಿಲಿಗೆ ಬರವಿಲ್ಲ, ತೊಡಕೆಲ್ಲ ಪೆಟ್ಲುಪ್ಪಿನದು. ಒಳ್ಳೆಯ ಪೆಟ್ಲುಪ್ಪು ಬಿಹಾರದ್ದು, ಅದೂ ಕಂಪನಿಯ ಕೈಯಲ್ಲಿ. ಹಾಗಾಗಿ ಕೂಡಿಟ್ಟ ಮದ್ದಿಗೇ ಎರಡೂ ಕಡೆಯವರ ಕಣ್ಣು. 1775ರ ಏಪ್ರಿಲ್ 19ರಂದು ಬ್ರಿಟಿಷ್ ಸೇನೆಯ ಜನರಲ್ ಗೇಜ್ ಸುಮಾರು 700 ಸಿಪಾಯಿಗಳನ್ನು ಕಾನ್‌ಕರ್ಡಿಗೆ ಕಳಿಸಿದ್ದೂ ಅಲ್ಲಿ ಬಚ್ಚಿಟ್ಟ ಸಾಮಗ್ರಿಗಾಗಿ. ಬಾಸ್ಟನ್ನಿನಿಂದ ಸುಮಾರು 30 ಕಿ.ಮೀ., ಶ್ರೀರಂಗಪಟ್ಟಣದಿಂದ ಮಂಡ್ಯದಷ್ಟು. ದಾರಿಯ ಲೆಕ್ಸಿಂಗ್ಟನ್ನಿನಲ್ಲಿ ಎಂಟು ಜನ ಸತ್ತರು. ವಾಪಸಾಗುವ ಹಾದಿಯುದ್ದಕ್ಕೂ ಗೋಡೆಮರೆಯಿಂದ ಗುಂಡು; ಸಂಜೆಯ ಹೊತ್ತಿಗೆ 73 ಬ್ರಿಟಿಷ್ ಸಿಪಾಯಿಗಳು, ಈ ಕಡೆಯ 49 ಜನ ಹೆಣವಾಗಿದ್ದರು.

ಆದರೂ ಸ್ವಾತಂತ್ರ್ಯದ ಮಾತು ಫಿಲಡೆಲ್ಫಿಯಾದ ಕಾಂಗ್ರೆಸ್ಸಿನ ಬಾಯಿಗೆ ಬರಲಿಲ್ಲ. ಜುಲೈಯಲ್ಲಿ ರಾಜನಿಗೆ ಸಂಧಾನದ ಅರ್ಜಿ ಬರೆದರು. ಅವನು ಆಗಸ್ಟ್ 23ರಂದು ಇವರನ್ನು ಬಂಡುಕೋರರೆಂದು ಸಾರಿದ. ಡಿಸೆಂಬರಿನಲ್ಲಿ ಪಾರ್ಲಿಮೆಂಟ್ ಇವರ ಹಡಗುಗಳನ್ನೆಲ್ಲ ಹಿಡಿಯಬಹುದೆಂದಿತು. ಮುಂದೆ ಜರ್ಮನ್ ಸಿಪಾಯಿಗಳನ್ನು ಬಾಡಿಗೆಗೆ ತರುವ ಸುದ್ದಿ. ಇತ್ತ ಮದ್ದು ಬರಬೇಕಾದದ್ದು ಬಹುಪಾಲು ಫ್ರಾನ್ಸಿನ ಕಡೆಯಿಂದ. ಇನ್ನೊಬ್ಬ ರಾಜನ ಪ್ರಜೆಗಳ ಜೊತೆ ಫ್ರಾನ್ಸ್ ಬಹಿರಂಗವಾಗಿ ಒಪ್ಪಂದ ಮಾಡಿಕೊಳ್ಳುವುದು ಹೇಗೆ? ಬೇರೆ ದೇಶವಾದರೆ ಮಾತ್ರ ಸಾಧ್ಯ. ಸ್ವಾತಂತ್ರ್ಯ ಬೇಕೆಂದು ಕಾಂಗ್ರೆಸ್ 1776ರ ಜುಲೈ 2ರಂದು ಹಾಕಿದ ಮತದ ಹಿಂದೆ ಆದರ್ಶದಷ್ಟೇ ಈ ಲೆಕ್ಕಾಚಾರವೂ ಇತ್ತು.

ಫ್ರಾನ್ಸ್ 1778ರಲ್ಲಿ ಯುದ್ಧಕ್ಕಿಳಿಯಿತು. ಹಾಗಾಗಿಯೇ ಇಂಗ್ಲಿಷರು 1779ರಲ್ಲಿ ಮಲಬಾರಿನ ಮಾಹೆಯನ್ನು ಹಿಡಿದರು. ಹೈದರನಿಗೆ ಫ್ರೆಂಚ್ ಸಾಮಗ್ರಿ ಬರುತ್ತಿದ್ದ ರೇವು ಅದು. ಅವನು ಮರುವರ್ಷ ಕರ್ನಾಟಿಕ್‌ಗೆ ನುಗ್ಗಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿ ಎಂಬ ಇಂಗ್ಲಿಷ್ ಅಧಿಕಾರಿಯ ಪಡೆಯನ್ನು ನೆಲಕಚ್ಚಿಸಿದ. ಅವನ ಹೆಸರು ಇಲ್ಲಿಗೂ ಮುಟ್ಟಿತ್ತು. ಡೆಲವೇರ್ ಕೊಲ್ಲಿ ಕಾಯಲು ಪೆನ್ಸಿಲ್ವೇನಿಯಾ ಸಜ್ಜುಗೊಳಿಸಿದ ಹಡಗಿಗೆ ‘ಹೈದರ್ ಆಲಿ’ ಎಂದೇ ಹೆಸರು. 1782ರ ಏಪ್ರಿಲ್ 8ರಂದು 22 ವರ್ಷದ ಜೋಶುವಾ ಬಾರ್ನಿ ಅದರಲ್ಲಿ ನಿಂತು ತನಗಿಂತ ಹೆಚ್ಚು ಫಿರಂಗಿಗಳಿದ್ದ ‘ಜನರಲ್ ಮಾಂಕ್’ ಎಂಬ ಬ್ರಿಟಿಷ್ ಹಡಗನ್ನು ಅರ್ಧ ಗಂಟೆಯೊಳಗೆ ಸೆರೆಹಿಡಿದ. ಹೈದರ್ ಆಗ ಇನ್ನೂ ಬದುಕಿದ್ದ. ಅದಕ್ಕೆ ಆರು ತಿಂಗಳ ಮುಂಚೆ ಯಾರ್ಕ್‌ಟೌನಿನಲ್ಲಿ ಸೋತು ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ನಮ್ಮೂರು ಶ್ರೀರಂಗಪಟ್ಟಣದ ಕೋಟೆಯ ಎದುರು ಬಂದು ನಿಂತವನು.

ಪುಟ್ಟಿಗೆ ಓದಿ ಹೇಳಿ. ಮತ್ತೆ ಪ್ರಶ್ನೆ ಎದ್ದರೆ ಬರೆದು ಕಳಿಸಲಿ.

ಇಂತಿ ನಿಮ್ಮ ಮಗ