ಈ ಮೆಣಸು ಯಾವ ಊರಿನದು?

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನಕ್ಕೆಯಲ್ಲ, "ಮೂಡಿಗೆರೆ ಮೂಲೆಯಲ್ಲಿ ಕೂತವನಿಗೆ ಜಿನೀವಾದ ವ್ಯಾಪಾರ ಒಪ್ಪಂದಗಳ ಉಸಾಬರಿ ಯಾಕೆ ಮಾರಾಯ" ಅಂತ. ಆಗ ಮೆಣಸು ಕೊಯ್ಯುವ ಆಳುಗಳಿಗೆ ಬಟವಾಡೆ ಮಾಡುತ್ತಿದ್ದೆ, ಜವಾಬು ಕೊಡಲಾಗಲಿಲ್ಲ. ನಿನ್ನೆ ಒಳ್ಳೆ ಹೂಮಳೆ ಬಿತ್ತು. ಕಣದಲ್ಲಿದ್ದ ಮೆಣಸಿಗೆ ಟಾರ್ಪಾಲು ಹೊದಿಸಿ ಒಳಗೆ ಬಂದು ಕೂತಿದ್ದೇನೆ. ಕರೆಂಟಿಲ್ಲ, ಪುರುಸೊತ್ತಿದೆ.

1993ರ ಅಕ್ಟೋಬರ್ ನೆನಪಿದೆಯಾ? ಲಾರಿ ಹತ್ತಿ ಬೆಂಗಳೂರಿನ ರೈತರ ರ್‍ಯಾಲಿಗೆ ಹೋಗಿದ್ದೆವು, ಹೆಗಲ ಮೇಲೆ ಯಾರದ್ದೋ ಹಸಿರು ಶಾಲು. ರೈತ ಸಂಘದ ಪ್ರೊಫೆಸರ್ ನಂಜುಂಡಸ್ವಾಮಿಯವರ ಮಾತು ಕಿವಿಗೆ ಬಿದ್ದದ್ದು ಅರ್ಧ, ತಲೆಗೆ ಹೋದದ್ದು ಕಾಲು. ಆದರೂ ಡಂಕೆಲ್‌ಗೆ ಧಿಕ್ಕಾರ ಕೂಗಿ ಕೂಗಿ ಗಂಟಲು ಬಿದ್ದುಹೋಯಿತು. ನೀನಂತೂ ಡಂಕೆಲ್ ಅಂದರೆ ಯಾವುದೋ ಕ್ರಿಮಿನಾಶಕದ ಕಂಪನಿ ಅಂದುಕೊಂಡಿದ್ದೆ! ಆತ ಸ್ವಿಟ್ಜರ್ಲೆಂಡಿನವ, ದೇಶದೇಶಗಳ ವ್ಯಾಪಾರ, ಸುಂಕಕ್ಕೆ ನಿಯಮ ಕಟ್ಟಿದ ಗ್ಯಾಟ್ ಒಪ್ಪಂದದ ಜಿನೀವಾ ಕಚೇರಿಗೆ ಮುಖ್ಯಸ್ಥನಾಗಿದ್ದವ. ಐದು ವರ್ಷ ಮುಗಿಯದ ಜಗಳವನ್ನೆಲ್ಲ ಒಂದು ಕರಡಿನಲ್ಲಿ ಕಟ್ಟಿ 1991ರ ಡಿಸೆಂಬರಿನಲ್ಲಿ ದೇಶಗಳ ಮುಂದಿಟ್ಟ. ತಮಾಷೆ ಏನೆಂದರೆ, ನಾವು ಧಿಕ್ಕಾರ ಕೂಗುವ ಹೊತ್ತಿಗೆ ಆತ ಕುರ್ಚಿ ಬಿಟ್ಟು ಮೂರು ತಿಂಗಳಾಗಿತ್ತು.

ಆ ಸಿಟ್ಟು ಸುಳ್ಳೆಂದು ನಾನು ಹೇಳುವುದಿಲ್ಲ. ಗ್ಯಾಟ್‌ಗೆ 1947ರಲ್ಲಿ ಸಹಿ ಹಾಕಿದ 23 ದೇಶಗಳಲ್ಲಿ ನಮ್ಮದೂ ಒಂದು. ಆದರೆ ಬೇಸಾಯವನ್ನು ಆ ನಿಯಮಗಳು ಹೆಚ್ಚುಕಮ್ಮಿ ಹೊರಗೇ ಬಿಟ್ಟಿದ್ದವು. ಹೊಲ, ಬೀಜ, ಪೇಟೆಂಟು ಎಲ್ಲವೂ ಒಂದೇ ಕಟ್ಟಿಗೆ ಸೇರಿದ್ದು 1986ರಲ್ಲಿ ಶುರುವಾದ ಗ್ಯಾಟ್ ಮಾತುಕತೆಯ ಉರುಗ್ವೆ ಸುತ್ತಿನಲ್ಲಿ. 1994ರ ಏಪ್ರಿಲಿನಲ್ಲಿ ಮರಾಕೇಶ್‌ನಲ್ಲಿ ಸಹಿ ಬಿತ್ತು, 1995ರ ಜನವರಿ 1ಕ್ಕೆ ವಿಶ್ವ ವ್ಯಾಪಾರ ಸಂಸ್ಥೆ, ಅಂದರೆ ಡಬ್ಲ್ಯುಟಿಒ ಹುಟ್ಟಿತು. ಬೇಕಾದ್ದನ್ನು ಮಾತ್ರ ಆರಿಸಿಕೊಳ್ಳುವ ಹಾಗಿರಲಿಲ್ಲ, ತಗೊಂಡರೆ ಇಡೀ ಕಟ್ಟನ್ನೇ ತಗೋಬೇಕು.

ಆದರೆ ಮನೆಯೊಳಗಿನ ಕತೆಯೇ ಬೇರೆ. ಅಪ್ಪ ಮನೆಖರ್ಚಿನ ಕಾಫಿ ಇಟ್ಟುಕೊಂಡು ಮಿಕ್ಕದ್ದನ್ನೆಲ್ಲ ಕಾಫಿ ಬೋರ್ಡು ಎಲ್ಲರದ್ದನ್ನೂ ಒಟ್ಟುಮಾಡಿ ಮಾರುವ ಪೂಲಿಗೆ ಹಾಕಿ, ಕಂತಿನ ದುಡ್ಡಿಗೆ ಕಾಯುತ್ತಿದ್ದ ಕಾಲ ಅದು. ಯಾವ ದೇಶ ಎಷ್ಟು ಕಾಫಿ ಮಾರಬೇಕೆಂದು ಕೋಟಾ ಕಟ್ಟುತ್ತಿದ್ದ ಅಂತರರಾಷ್ಟ್ರೀಯ ಒಪ್ಪಂದ 1989ರ ಜುಲೈನಲ್ಲಿ ಮುರಿದುಬಿತ್ತು, ರೇಟು ನೆಲ ಕಚ್ಚಿತು. ಎರಡೇ ವರ್ಷದಲ್ಲಿ ನಮ್ಮ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಪೂಲಿನ ಹಗ್ಗ ಒಂದೊಂದೇ ಎಳೆ ಸಡಿಲವಾದದ್ದು ಆಮೇಲೆ. 1994ರಲ್ಲಿ ಬ್ರೆಜಿಲ್‌ಗೆ ಹಿಮ ಬಡಿದು ರೇಟು ಏರಿದಾಗ, ಹಿಂದಿನ ವರ್ಷ ನಮ್ಮನ್ನು ಲಾರಿ ಹತ್ತಿಸಿದ ಇದೇ ಅಪ್ಪ ಪೂಲಿಗೆ ಹಾಕದೆ ಉಳಿಸಿಕೊಂಡ ತನ್ನ ಪಾಲಿನ ಕಾಫಿಯನ್ನು ಖುದ್ದು ರೇಟು ಕೇಳಿ ಮಾರಿ ಬಂದು, ಹೊಸ ಜೀಪಿನ ಮಾತಾಡಿದರು. ಮುಕ್ತ ಮಾರುಕಟ್ಟೆಗೆ ಅವತ್ತು ನಮ್ಮ ಜಗುಲಿಯಲ್ಲಿ ಒಬ್ಬರೂ ಧಿಕ್ಕಾರ ಕೂಗಲಿಲ್ಲ. ಏಳೆಂಟು ವರ್ಷಕ್ಕೆ ರೇಟು ಮತ್ತೆ ಬಿತ್ತು, ಆಗ ಕೂಗಿದೆವು.

ಈಗ ಮೆಣಸಿಗೆ ಬರುತ್ತೇನೆ, ನನ್ನ ಹೊಟ್ಟೆಯುರಿ ಇರುವುದೇ ಅಲ್ಲಿ. ಕೆಲವು ವರ್ಷದ ಹಿಂದೆ ಎರಡು ಮೂಟೆ ಹೊತ್ತುಕೊಂಡು ಪೇಟೆಗೆ ಹೋಗಿದ್ದೆ. ಸಾಹುಕಾರ ಲೀಟರ್ ಡಬ್ಬದಲ್ಲಿ ಅಳೆದು ತೂಕಕ್ಕಿಟ್ಟ, 550 ಗ್ರಾಮಿನ ಮೇಲೆ ಬಂತು. ಒಂದು ಕಾಳು ಕಚ್ಚಿ ನೋಡಿ ತಲೆಯಾಡಿಸಿದ. ಆಮೇಲೆ ಮೆಲ್ಲಗೆ, "ಮಾಲು ಒಳ್ಳೇದಿದೆ ಗೌಡ್ರೇ, ಆದ್ರೆ ಕೊಲಂಬೋದಿಂದ ಬಂದುಬಿಟ್ಟಿದೆ" ಅಂದ. ಕೊಲಂಬೋದಿಂದ ಬಂದದ್ದೆಲ್ಲ ಸಿಂಹಳದ ಮಣ್ಣಿನದಲ್ಲ ಎಂಬುದೇ ಬೆಳೆಗಾರರ ದೂರು. ವಿಯೆಟ್ನಾಂ ಸೇರಿದ ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್ ಜೊತೆಗಿನ ಒಪ್ಪಂದದಲ್ಲಿ ಮೆಣಸಿನ ಸುಂಕವನ್ನು ಶೇಕಡಾ 70ರಿಂದ 2019ರ ಹೊತ್ತಿಗೆ 50ಕ್ಕೆ ಮಾತ್ರ ಇಳಿಸಲು ನಾವು ಒಪ್ಪಿದ್ದು. ವಿಯೆಟ್ನಾಂ ಮೆಣಸು ನೇರವಾಗಿ ಬಂದರೆ ಅಷ್ಟು ತೆರಬೇಕು. ಶ್ರೀಲಂಕಾದ ಜೊತೆ 1998ರಲ್ಲಿ ಮಾಡಿಕೊಂಡ ಒಪ್ಪಂದದಲ್ಲೋ, ವರ್ಷಕ್ಕೆ 2,500 ಟನ್‌ವರೆಗೆ ಸುಂಕವೇ ಇಲ್ಲ, ಅದರಾಚೆ ಬೇರೆ ಒಪ್ಪಂದದ ಲೆಕ್ಕದಲ್ಲಿ ಶೇಕಡಾ 8. ಹಾಗಾದರೆ ವಿಯೆಟ್ನಾಂ ಮೂಟೆಗೆ ಲಂಕೆಯ ಚೀಟಿ ಅಂಟಿಸಿದವನಿಗೆ ಎಷ್ಟು ಉಳಿಯುತ್ತದೆ, ನೀನೇ ಲೆಕ್ಕ ಹಾಕು. 2017ರ ಡಿಸೆಂಬರಿನಲ್ಲಿ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಎಂದು ಕಟ್ಟೆ ಕಟ್ಟಿತು. ಬಿಲ್ಲಿನಲ್ಲಿ 500 ಬರೆದು ಕಟ್ಟೆ ಹಾರುತ್ತಿದ್ದಾರೆ ಎಂಬ ದೂರು ಬರಲು ತಡವಾಗಲಿಲ್ಲ. ಮೇಜಿನ ಸುತ್ತ ಕೂತು ವರ್ಷಗಟ್ಟಲೆ ಚೌಕಾಸಿ ಮಾಡಿದ ಸುಂಕದ ಹಣೆಬರಹ ಕೊನೆಗೆ ನಿಂತದ್ದು "ಬೆಳೆದ ದೇಶ" ಎಂಬ ಒಂದು ಕಲಮಿನ ಮೇಲೆ.

ಇದೇ ಕಲಮು ನಮ್ಮ ಪರವೂ ಕೆಲಸ ಮಾಡುತ್ತದೆ ಅನ್ನು. ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ 2019ರಲ್ಲಿ ಜಿಐ, ಅಂದರೆ ಆ ಊರಿನ ಬೆಳೆಗೇ ಮೀಸಲಾದ ಹೆಸರಿನ ಗುರುತು, ಸಿಕ್ಕಿತಲ್ಲ, ಅದಕ್ಕೆ ಕಾನೂನಿನ ಬೇರು ಇರುವುದು ನಾವು ಧಿಕ್ಕಾರ ಕೂಗಿದ ಅದೇ ಕಟ್ಟಿನಲ್ಲಿ. ಅದರಿಂದ ನನಗೆ ಕಿಲೋಗೆ ಒಂದು ರೂಪಾಯಿಯೂ ಹೆಚ್ಚು ಸಿಕ್ಕಿಲ್ಲ, ಅದು ಬೇರೆ ಮಾತು.

ಈಗ ಯುರೋಪಿನವರು ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅವರಿಗೆ ದೇಶದ ಹೆಸರು ಸಾಲದು, ತೋಟವೇ ಬೇಕು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ ಎಂದು 2023ರಲ್ಲಿ ಕಾಯ್ದೆ ಮಾಡಿದರು. ಇದು ಚೌಕಾಸಿಯಿಂದ ಹುಟ್ಟಿದ ನಿಯಮವಲ್ಲ, ಕೊಳ್ಳುವವನು ತಾನೇ ಬರೆದುಕೊಂಡದ್ದು. ಜಾರಿ ಮಾತ್ರ ಒಂದೊಂದೇ ವರ್ಷ ಮುಂದಕ್ಕೆ ಹೋಗುತ್ತಿದೆ. ನಮ್ಮ ಕಾಫಿಯನ್ನು ಎಲ್ಲರಿಗಿಂತ ಹೆಚ್ಚು ಕೊಳ್ಳುವುದು ಇಟಲಿ, ಹಾಗಾಗಿ ಮೂಗು ಮುರಿದುಕೊಂಡು ಕೂರುವ ಹಾಗಿಲ್ಲ. 4 ಹೆಕ್ಟೇರ್ ಒಳಗಿನವರಿಗೆ ನಕ್ಷೆಯಲ್ಲಿ ಒಂದು ಚುಕ್ಕಿ ಸಾಕು. ನನ್ನದು ಹನ್ನೊಂದು ಎಕರೆ, ಚೂರು ಹೆಚ್ಚು, ಗಡಿಯನ್ನೇ ಗೆರೆ ಎಳೆದು ಕೊಡಬೇಕು.

ಹೋದ ವಾರ ಮಗಳು ಫೋನು ಹಿಡಿದು ಮುಂದೆ, ನಾನು ಕತ್ತಿ ಹಿಡಿದು ಹಿಂದೆ, ಬೇಲಿಗುಂಟ ನಡೆದೆವು. ಸಿಲ್ವರ್ ಓಕಿನ ದಟ್ಟ ನೆರಳಿಗೆ ಹೋದ ಕೂಡಲೇ ನೀಲಿ ಚುಕ್ಕಿ ಕುಡಿದವನ ಹಾಗೆ ಅತ್ತಿತ್ತ ಓಲಾಡಿತು. ಹಳ್ಳದ ಹತ್ತಿರ ನಿಂತು ಕಾದೆವು, ಅದು ಅಲ್ಲಿಂದ ಕದಲಲೇ ಇಲ್ಲ. ಎರಡು ಸಲ ಅಳಿಸಿ, ಮೂರನೇ ಸಲಕ್ಕೆ ಗೆರೆ ಕೂಡಿತು.

ನಿಮ್ಮ ಪಾಲಿನ ತೋಟದ ಪಹಣಿ ಇನ್ನೂ ನಿನ್ನ ಅಜ್ಜನ ಹೆಸರಲ್ಲೇ ಇದೆ, ಪೌತಿ ಖಾತೆ ಮಾಡಿಸುತ್ತೇನೆ ಅಂತ ಹತ್ತು ವರ್ಷದಿಂದ ಹೇಳುತ್ತಿದ್ದೀಯ. ಈ ಸಲ ಯುಗಾದಿಗೆ ಎರಡು ದಿನ ಹೆಚ್ಚಿಗೆ ರಜೆ ಹಾಕಿಕೊಂಡು ಬಾ. ಫೋನಿನ ಪ್ರಕಾರ ನಿಮ್ಮ ಹಲಸಿನ ಮರ ಈಗ ನನ್ನ ತೋಟದಲ್ಲಿದೆ.

ನಿನ್ನ
ಪಕ್ಕದ ಬೇಲಿಯವನು