ಖಜಾಂಚಿಗೊಂದು ಗಂಜಿಯ ಲೆಕ್ಕ

ಪ್ರಿಯ ಖಜಾಂಚಿ,

ಊರವರೆಲ್ಲ ಓದುವ ಹಾಗೆ ನಿನಗೆ ಪತ್ರ ಬರೆಯುತ್ತಿದ್ದೇನೆಂದು ಮುನಿಸಿಕೊಳ್ಳಬೇಡ. ನಿನಗೊಬ್ಬನಿಗೇ ಬರೆದರೆ ನೀನು ಓದುವುದಿಲ್ಲ. ನಾಲ್ಕು ಜನ ನೋಡುತ್ತಿದ್ದಾರೆಂದರೆ ಮಾನಕ್ಕಂಜಿಯಾದರೂ ಉತ್ತರ ಬರೆಯುತ್ತೀಯೆ. ಛತ್ರಿಯ ವಿಷಯ ಇಲ್ಲಿ ಎತ್ತುವುದಿಲ್ಲ, ಮಾತು ಕೊಟ್ಟಿದ್ದೇನೆ.

ನಮ್ಮ ಕ್ರೈಸ್ತ ಸಭೆಯ ಸ್ಮರಣ ಸಂಚಿಕೆಗೆ ಇತಿಹಾಸ ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ‘ಉದ್ದ ಬೇಡ, ಆದರೆ ಯಾರ ಹೆಸರೂ ಬಿಟ್ಟುಹೋಗಬಾರದು’ ಎಂದು ಸಮಿತಿಯ ಅಪ್ಪಣೆ. ಬಿಟ್ಟುಹೋಗಬಾರದ ಹೆಸರುಗಳೆಲ್ಲ ಬಿಳಿ ದೊರೆಗಳದೇ. 1837ರಲ್ಲಿ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ ಆರಂಭಿಸಿದ ಥಾಮಸ್ ಹಾಡ್ಸನ್, 1839ರಲ್ಲಿ ಅಲ್ಲಿಗೆ ಬಂದು, ಕನ್ನಡ ಕಲಿತು, ಆರೋಗ್ಯ ಕೆಟ್ಟು 1841ರಲ್ಲಿ ಹಿಂತಿರುಗಿದ ವಿಲಿಯಂ ಆರ್ಥರ್. ಸಂತೆಯಲ್ಲಿ ನಿಂತು ಅವರ ಬೋಧನೆ ಕೇಳಿದವರು ಬಹಳ, ದೀಕ್ಷಾಸ್ನಾನ ಪಡೆದವರು ಬೆರಳೆಣಿಕೆ. ಇಷ್ಟನ್ನು ಒಂದೇ ಸಂಜೆಯಲ್ಲಿ ಮುಗಿಸಿದೆ.

ಸಿಕ್ಕಿಕೊಂಡದ್ದು ಬರಗಾಲದಲ್ಲಿ. 1876ರಿಂದ 78ರವರೆಗಿನ ಆ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಜನ ಸತ್ತರು. ಮಿಷನ್ನಿನವರು ಅನಾಥಾಲಯ ತೆರೆದರು. ನಮ್ಮಜ್ಜಿಯ ಅಜ್ಜಿ ಬೆಳೆದದ್ದು ಅಂಥದ್ದೊಂದರಲ್ಲಿ. ಮನೆಯಲ್ಲಿ ಹೇಳುತ್ತಿದ್ದ ಕಥೆಯಲ್ಲಿ ಅವಳು ಜಾತ್ರೆಯಲ್ಲಿ ದೇವರ ವಾಕ್ಯ ಕೇಳಿ ಎಲ್ಲವನ್ನೂ ಬಿಟ್ಟು ಬಂದವಳು. ಆಗ ಅವಳಿಗೆ ಏಳೋ ಎಂಟೋ ವಯಸ್ಸು. ಬಿಟ್ಟು ಬರಲು ಅವಳ ಬಳಿ ಏನಿತ್ತು? ಬಂದದ್ದು ಗಂಜಿಗೆ.

ಅವಳದೊಂದು ಕ್ಲಾಸ್ ಟಿಕೆಟ್, ಅಂದರೆ ಸಭೆಯ ಸದಸ್ಯತ್ವದ ಚೀಟಿ, ಮನೆಯ ಹಳೆಯ ಸತ್ಯವೇದದೊಳಗೆ ಉಳಿದಿದೆ. ಬಸ್ ಟಿಕೆಟ್ಟಿಗಿಂತ ತುಸು ಅಗಲ. ಮೇಲೆ ಅಚ್ಚಾದ ಒಂದು ವಚನ, ಕೆಳಗೆ ಕಂದಿದ ಮಸಿಯಲ್ಲಿ ಮಿಷನ್ನಿನವರು ಇಟ್ಟ ಹೆಸರು. ಒಂದು ಮೂಲೆ ಗೆದ್ದಲಿನ ಪಾಲಾಗಿದೆ. ಅವಳ ತಾಯಿ ಅವಳನ್ನು ಏನೆಂದು ಕರೆಯುತ್ತಿದ್ದಳೋ, ಅದು ಎಲ್ಲಿಯೂ ಬರೆದಿಲ್ಲ.

ಈ ಟಿಕೆಟ್ಟಿನ ಹಿಂದಿರುವ ‘ಕ್ಲಾಸ್’ ಎಂಬ ಗುಂಪುಗಳ ಏರ್ಪಾಡು ನಿನ್ನಂಥ ಲೆಕ್ಕದವನೊಬ್ಬನ ತಲೆಯಲ್ಲೇ ಹುಟ್ಟಿದ್ದು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿಯ ಸಂಗಡಿಗರಿಗೆ ಪ್ರಾರ್ಥನಾಮಂದಿರ ಕಟ್ಟಿದ ಸಾಲವಿತ್ತು. 1742ರಲ್ಲಿ ಕ್ಯಾಪ್ಟನ್ ಫಾಯ್ ಎಂಬಾತ ಉಪಾಯ ಹೇಳಿದ: ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ತಲೆಗೆ ವಾರಕ್ಕೊಂದು ಪೆನ್ನಿ ಎತ್ತೋಣ; ಕಡುಬಡವರನ್ನು ನನ್ನ ಗುಂಪಿಗೆ ಹಾಕಿ, ಅವರು ಕೊಡದಿದ್ದರೆ ನಾನೇ ತುಂಬುತ್ತೇನೆ. ಹೀಗೆ ವಸೂಲಿಗೆ ಮನೆಮನೆ ತಿರುಗಿದವರಿಗೆ ಯಾರು ಹೇಗೆ ಬಾಳುತ್ತಿದ್ದಾರೆಂಬುದು ಕಣ್ಣಿಗೆ ಬಿತ್ತು. ಕೊನೆಗೆ ವಾರಕ್ಕೊಮ್ಮೆ ಕೂಡಿ, ಆತ್ಮ ಹೇಗಿದೆಯೆಂದು ಒಬ್ಬೊಬ್ಬರನ್ನೂ ವಿಚಾರಿಸುವ ಕ್ರಮವೇ ಬೆಳೆಯಿತು. ಮೂರು ತಿಂಗಳಿಗೊಮ್ಮೆ ಟಿಕೆಟ್. ತಪ್ಪಿಸಿಕೊಂಡು ತಿರುಗಿದವರಿಗೆ ಅದಿಲ್ಲ.

ಪೆನ್ನಿಯೂ ಆತ್ಮವೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬೆಳೆದ ಸಭೆ ಇದು. ಇಲ್ಲಿ ಗಂಜಿಗೆ ಬಂದ ಹುಡುಗಿಯ ಭಕ್ತಿಯನ್ನು ತೂಗಲು ತಕ್ಕಡಿ ಹಿಡಿದು ಕುಳಿತ ನಾನು ಯಾರು? ಆದರೂ ಬಿಡಲಾಗುತ್ತಿಲ್ಲ. ನಂಬಿದ್ದಳೇ, ಇಲ್ಲವೇ? ಇಷ್ಟೇಕೆ ಕೆದಕುತ್ತಿದ್ದೇನೆಂದರೆ, ಇದೇ ಪ್ರಶ್ನೆಯನ್ನು ನನಗೆ ನಾನು ಕೇಳಿಕೊಳ್ಳುವ ಧೈರ್ಯವಿಲ್ಲ. ಪ್ರತಿ ಭಾನುವಾರ ಆರಾಧನೆಗೆ ಹೋಗುತ್ತೇನೆ. ಕೀರ್ತನೆಗೆ ಎದ್ದು ನಿಲ್ಲುತ್ತೇನೆ, ಪ್ರಾರ್ಥನೆಗೆ ಕಣ್ಣು ಮುಚ್ಚುತ್ತೇನೆ. ಮುಚ್ಚಿದ ಮೇಲೆ ಮಾತಾಡಲು ಅಲ್ಲಿ ಯಾರೂ ಇರುವುದಿಲ್ಲ. ಅಮ್ಮ ಹೋದಾಗಿನಿಂದ ಹೀಗೆಯೇ. ನಾನು ಹೋಗುವುದು ಆಮೇಲಿನ ಚಹಾಕ್ಕೆ. ‘ಹೋದ ವಾರ ಕಾಣಲೇ ಇಲ್ಲವಲ್ಲ’ ಎಂದು ಯಾರಾದರೂ ಕೇಳುತ್ತಾರೆಂಬ ಆಸೆಗೆ. ಉಳಿದ ಆರು ದಿನ ಹಾಗೆ ಕೇಳುವವರಿಲ್ಲ. ಅವಳ ಹಸಿವಿಗೆ ಬರಗಾಲವಾದರೂ ಇತ್ತು, ನನಗೆ ಆ ನೆಪವೂ ಇಲ್ಲ.

ಇದನ್ನೆಲ್ಲ ಬರೆಯಲು ಕುಳಿತಿರಲಿಲ್ಲ ಮಾರಾಯ. ನಮ್ಮ ಪಾದ್ರಿ ಅಯ್ಯನವರೂ ಓದುವ ಸಂಭವವಿದೆ. ಅಯ್ಯನವರೇ, ತಮ್ಮ ಪ್ರಸಂಗದ ಉದ್ದದ ಬಗ್ಗೆ ನಾನು ಒಂದಕ್ಷರವನ್ನೂ ಆಡಿಲ್ಲವೆಂಬುದನ್ನು ದಯವಿಟ್ಟು ಗಮನಿಸಬೇಕು.

ಸಂಚಿಕೆಯಲ್ಲಿ ‘ಬರಗಾಲದಲ್ಲಿ ಗಂಜಿಗೆಂದು ಬಂದವರು’ ಎಂದೇ ಬರೆದಿದ್ದೇನೆ. ಸಮಿತಿ ಅದನ್ನು ‘ಕೃಪೆಯಿಂದ ಸೆಳೆಯಲ್ಪಟ್ಟವರು’ ಎಂದು ತಿದ್ದುತ್ತದೆ, ಪಂಥ ಬೇಕಾದರೆ ಕಟ್ಟು. ಸದ್ಯಕ್ಕೆ ಅವರು ಬೇರೊಂದು ಜಗಳದಲ್ಲಿದ್ದಾರೆ. 1947ರ ಸೆಪ್ಟೆಂಬರ್ 27ರಂದು ಮೈಸೂರು ಸೀಮೆಯ ನಾವು, ಹಲವು ಮಿಷನ್ನುಗಳ ಸಭೆಗಳು ಕೂಡಿ ಆದ ದಕ್ಷಿಣ ಭಾರತ ಸಭೆಗೆ (ಸಿ.ಎಸ್.ಐ.) ಸೇರಿಹೋದೆವಲ್ಲ, ಈಗ ಶೀರ್ಷಿಕೆಯಲ್ಲಿ ‘ಮೆಥಡಿಸ್ಟ್’ ಇರಬೇಕೇ ಬೇಡವೇ ಎಂದು ಎರಡು ಪಕ್ಷ. ಅಮೆರಿಕನ್ ಮಿಷನ್ನಿನ ಮೂಲದ ನೀವು ಬೀದರಿನವರು ಇಂದಿಗೂ ಮೆಥಡಿಸ್ಟರೇ ಆದ್ದರಿಂದ ನೀನೇ ಬಂದು ತೀರ್ಪು ಕೊಡು. ಬೈಗುಳವೂ ನಿನಗೇ ಇರಲಿ. ಹಿಂಬದಿಯ ರಕ್ಷಾಪುಟದ ಜಾಹೀರಾತು ಇನ್ನೂ ಖಾಲಿಯಿದೆ. ಹಣ ಕಳುಹಿಸಿದರೆ ‘ಶುಭ ಕೋರುವವರು’ ಎಂದು ನಿನ್ನ ಭಾವಚಿತ್ರ ಹಾಕಿಸುತ್ತೇನೆ, ತಲೆಯಲ್ಲಿ ಕೂದಲಿದ್ದ ಕಾಲದ್ದು.

ನಿನ್ನ,
ಲೆಕ್ಕ ಒಪ್ಪಿಸದ ಗೆಳೆಯ